ಹದಿನೇಳನೇ ನಂಬರಿನ ತಪ್ಪುಗಳು

ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ಎಲ್ಲದರ ಮೇಲೂ ಸಿಟ್ಟು. ಉಕ್ಕಿದ ಹಾಲಿನ ಮೇಲೆ ಸಿಟ್ಟು, ಉಕ್ಕುವಾಗ ಒಲೆಯ ಮುಂದೆಯೇ ನಿಂತಿದ್ದೂ ಅದನ್ನು ಕಾಣದ ತನ್ನ ಕಣ್ಣುಗಳ ಮೇಲೆ ಸಿಟ್ಟು. "ಅಮ್ಮ, ಯಾಕೆ ಬೆಳಬೆಳಿಗ್ಗೇನೇ ಮುಖ ಗಂಟು ಹಾಕ್ಕೊಂಡಿದ್ದೀಯ?" ಎಂದು ಕೇಳಿದ ಮಗಳ ಮೇಲೆ ಸಿಟ್ಟು, ಕೇಳಿದವಳು ಉತ್ತರಕ್ಕೆ ಕಾಯದೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಾಗ ಇನ್ನಷ್ಟು ಸಿಟ್ಟು. ಬಸ್ಸಿನಲ್ಲಿ ಪಕ್ಕದ ಸೀಟಿನವನು ಫೋನಿನಲ್ಲಿ ಬಣ್ಣದ ಗೋಲಿಗಳನ್ನು ಸಾಲು ಸೇರಿಸಿ ಒಡೆಯುತ್ತಿದ್ದ. ಒಂದೊಂದು ಸಾಲು ಒಡೆದಾಗಲೂ ಅದು ಟಿಣ್ ಎನ್ನುತ್ತಿತ್ತು, ಮೀಸೆ ಬಂದ ಅಷ್ಟು ದೊಡ್ಡ ಮನುಷ್ಯ ತುಟಿಯಂಚಿನಲ್ಲಿ ನಗುತ್ತಿದ್ದ. ಆ ಫೋನನ್ನು ಕಿತ್ತು ಕಿಟಕಿಯಾಚೆ ಎಸೆದುಬಿಡಬೇಕು ಎನ್ನಿಸಿತು. ಎಸೆಯಲಿಲ್ಲ. ಇಪ್ಪತ್ತೆರಡು ವರ್ಷ ಮೂರನೇ ತರಗತಿಗೆ ಗಣಿತ ಕಲಿಸಿದವಳು ಬಸ್ಸಿನಲ್ಲಿ ಏನನ್ನೂ ಎಸೆಯುವುದಿಲ್ಲ, ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂರುತ್ತಾಳೆ. ಚೀಲದೊಳಗೆ ಹೆಡ್ ಮೇಡಂ ನಿನ್ನೆ ಕಳಿಸಿದ ಚೀಟಿ ಇತ್ತು: ಹನ್ನೊಂದೂವರೆಗೆ ನನ್ನ ಕೋಣೆಗೆ ಬನ್ನಿ, ಹದಿನೇಳನೇ ನಂಬರಿನ ಹುಡುಗಿಯ ತಾಯಿಯನ್ನೂ ಕರೆಸಿದ್ದೇನೆ, ಬರುವಾಗ ಟ್ಯಾಬ್ ರಿಜಿಸ್ಟರ್ ತನ್ನಿ. ಚೀಟಿಯ ಕೊನೆಯ ಮಾತನ್ನು ಓದಿದವಳು ಅದನ್ನು ನಾಲ್ಕಾಗಿ ಮಡಚಿ ಚೀಲದ ತಳಕ್ಕೆ ತುರುಕಿದ್ದಳು. ರಿಜಿಸ್ಟರಿನಲ್ಲಿ ಇದ್ದದ್ದು ಸುಳ್ಳು, ಅದನ್ನು ಬರೆದವಳು ಅವಳೇ.

ಶಾಲೆಯ ಬಾಗಿಲು ದಾಟಿದರೆ ಎದುರಿಗೇ ಆ ಪರದೆ. ಹೋದ ವರ್ಷದವರೆಗೂ ಆ ಗೋಡೆಯ ಮೇಲೆ ಮಕ್ಕಳು ಬಿಡಿಸಿದ ಚಿತ್ರಗಳು ಇರುತ್ತಿದ್ದವು, ಮೂಗಿಲ್ಲದ ಅಮ್ಮಂದಿರು, ಮನೆಗಿಂತ ಎತ್ತರದ ಹೂಗಳು. ಈಗ ತರಗತಿಗೊಂದರಂತೆ ಬಣ್ಣದ ಕಂಬಗಳು. ಮಕ್ಕಳು ಟ್ಯಾಬಿನ ಮೇಲೆ ಲೆಕ್ಕದ ಆಟ ಆಡುತ್ತಾರೆ, ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು ಸೆಕೆಂಡು ಎಂಬುದೆಲ್ಲ ಎಲ್ಲಿಗೋ ಹೋಗಿ, ಅಲ್ಲಿಂದ ಕೆಂಪೋ ಹಳದಿಯೋ ಹಸಿರೋ ಆಗಿ ಈ ಗೋಡೆಗೆ ಬಂದು ನಿಲ್ಲುತ್ತದೆ. ಇದರ ಉಸ್ತುವಾರಿ ನೋಡಲು ಮೇಲಿನ ಕಚೇರಿ ಒಬ್ಬ ಸಂಯೋಜಕನನ್ನು ನೇಮಿಸಿತ್ತು. ಮೂವತ್ತು ಕೂಡ ತುಂಬದ ಹುಡುಗ. ಸ್ಟಾಫ್ ರೂಮಿನಲ್ಲಿ ಅವನಿಗೆ ಗ್ರಾಫ್ ಸರ್ ಎಂದು ಹೆಸರು. ಕೆಟ್ಟವನಲ್ಲ. ಅದೇ ಅವಳ ತಕರಾರು. ಕೆಟ್ಟವನಾಗಿದ್ದರೆ ಮುಖಕ್ಕೆ ಹೊಡೆದಂತೆ ನಾಲ್ಕು ಮಾತಾಡಿ ಕೈ ತೊಳೆದುಕೊಳ್ಳಬಹುದಿತ್ತು. ಇವನು ನಮಸ್ಕಾರ ಮಾಡುತ್ತಾನೆ, ಮೇಡಂ ನಿಮ್ಮ ಅನುಭವದ ಮುಂದೆ ನಾನೆಷ್ಟರವನು ಎನ್ನುತ್ತಾನೆ, ಅನ್ನುತ್ತಲೇ ಒಂದು ಹಾಳೆ ಚಾಚುತ್ತಾನೆ. ಮೂರು ವಾರ ಕೆಂಪಿನಲ್ಲೇ ಉಳಿದ ಮಗುವನ್ನು ಅಡಿಪಾಯ ಗುಂಪಿಗೆ ಕಳಿಸಬೇಕು ಎಂಬ ನಿಯಮವನ್ನೂ ಅವನು ಹಾಗೆಯೇ, ನಗುತ್ತಲೇ ಚಾಚಿದ್ದ. ಅಡಿಪಾಯ ಗುಂಪೆಂದರೆ ಮೆಟ್ಟಿಲ ಕೆಳಗಿನ ಕೋಣೆ, ಎರಡನೇ ತರಗತಿಯ ಮಕ್ಕಳ ಜೊತೆ ಅವರ ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂರುವುದು. ಒಂದು ಸಲ ಅಲ್ಲಿಗೆ ಹೋದ ಮಗುವನ್ನು ಊಟದ ಹೊತ್ತಿನಲ್ಲಿ ಯಾರೂ ಪಕ್ಕಕ್ಕೆ ಕರೆಯುವುದಿಲ್ಲ.

ಅವಳ ತರಗತಿಯ ಕಂಬ ಹಸಿರಾಗಿತ್ತು. ಎರಡು ತಿಂಗಳಿಂದ ಹಸಿರು. ಅದನ್ನು ನೋಡದಂತೆ ತಲೆ ತಗ್ಗಿಸಿ ದಾಟಿದಳು, ಆಯಾ ನೆಲ ಒರೆಸಿ ಒದ್ದೆಯಾಗಿದ್ದ ಕಡೆ ಕಾಲಿಟ್ಟು ಬೈಸಿಕೊಂಡಳು.

ಮೊದಲ ಪೀರಿಯಡ್ಡಿನಲ್ಲಿ ವರ್ಕ್‌ಶೀಟ್ ಹಂಚಿದಳು. ಟ್ಯಾಬ್ ಬಂದ ಮೇಲೂ ವರ್ಕ್‌ಶೀಟ್ ಬಿಟ್ಟಿರಲಿಲ್ಲ. ಅವಳು ಬಿಡುವುದಿಲ್ಲವೆಂದು ಹೆಡ್ ಮೇಡಂಗೆ ಕಡ್ಡಿ ಮುರಿದಂತೆ ಹೇಳಿದ್ದಳು. ತನ್ನ ಕೈಯಿಂದಲೇ ಗೆರೆ ಹಾಕಿ, ಬಿಡಿ ಸ್ಥಾನಕ್ಕೊಂದು ಮನೆ, ಹತ್ತರ ಸ್ಥಾನಕ್ಕೊಂದು ಮನೆ ಮಾಡಿ, ಒಂದೊಂದು ಲೆಕ್ಕವನ್ನೂ ಆರಿಸಿ ಕೂರಿಸುತ್ತಿದ್ದಳು. ಐವತ್ತೆರಡರಿಂದ ಮೂವತ್ತೆಂಟು ಕಳೆಯಿರಿ ಎಂದರೆ ಅದು ಬಾಯಿಗೆ ಬಂದ ಅಂಕಿಯಲ್ಲ. ಎರಡರಲ್ಲಿ ಎಂಟು ಹೋಗುವುದಿಲ್ಲವೆಂದು ತಿಳಿಯದ ಮಗು ಎಂಟರಲ್ಲಿ ಎರಡನ್ನು ಕಳೆದು ಇಪ್ಪತ್ತಾರು ಎಂದು ಬರೆಯುತ್ತದೆ. ಸ್ವಲ್ಪ ತಿಳಿದ ಮಗು ಹತ್ತರ ಮನೆಯಿಂದ ಒಂದು ಹತ್ತನ್ನು ತರುತ್ತದೆ, ಆದರೆ ತಂದದ್ದನ್ನು ಅಲ್ಲಿ ಕಡಿಮೆ ಮಾಡಲು ಮರೆತು ಇಪ್ಪತ್ತನಾಲ್ಕು ಎನ್ನುತ್ತದೆ. ಪೂರ್ತಿ ತಿಳಿದದ್ದು ಹದಿನಾಲ್ಕಕ್ಕೆ ಬಂದು ನಿಲ್ಲುತ್ತದೆ. ಉತ್ತರ ನೋಡಿದರೆ ಸಾಕು, ಮಗು ಯಾವ ಮೆಟ್ಟಿಲ ಮೇಲೆ ನಿಂತಿದೆ ಎಂದು ಅವಳು ಹೇಳಬಲ್ಲಳು. ಕೆಲಸಕ್ಕೆ ಸೇರಿದ ವರ್ಷವೇ ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳ ತಪ್ಪುಗಳನ್ನು ಬರೆದಿಡಲು ಶುರುಮಾಡಿದ್ದಳು, ಈಗ ಅದು ಐದನೇ ನೋಟ್‌ಬುಕ್. ಹೊಸ ಟೀಚರುಗಳು ಅದನ್ನು ಕೇಳಿ ಪಡೆದು ಓದುತ್ತಿದ್ದರು. ತನಗೆ ಗೊತ್ತಿಲ್ಲದ ತಪ್ಪನ್ನು ಮಾಡುವ ಮಗು ಇನ್ನೂ ಹುಟ್ಟಿಲ್ಲ ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿಯೂಬಿಟ್ಟಿದ್ದಳು, ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಅದು ಜಂಭವಾಗಿರಲಿಲ್ಲ, ಅವಳು ನಿಜವಾಗಿ ಹಾಗೆಂದೇ ನಂಬಿದ್ದಳು.

ಹದಿನೇಳನೇ ನಂಬರು ಮೂರನೇ ಸಾಲಿನ ತುದಿಯಲ್ಲಿ ಕೂತಿದ್ದಳು. ಎರಡು ಜಡೆ, ಒಂದರ ರಿಬ್ಬನ್ನು ಬಿಚ್ಚಿತ್ತು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು, ಮುಂದಿದ್ದ ಹಾಳೆ ಖಾಲಿ. ಈ ಹುಡುಗಿಯ ಹಾಳೆ ಯಾವಾಗಲೂ ಖಾಲಿ. ತಪ್ಪು ಬರೆದರೆ ತಿದ್ದಬಹುದು, ಅರ್ಧ ಬರೆದರೆ ಮುಂದಕ್ಕೆ ತಳ್ಳಬಹುದು. ಹೆಸರು, ನಂಬರು, ತಾರೀಕು ಮುತ್ತಿನಂಥ ಅಕ್ಷರದಲ್ಲಿ ಬರೆದು ಕೆಳಗೆ ಏನೂ ಇಲ್ಲದ ಹಾಳೆಯನ್ನು ಏನು ಮಾಡುವುದು? ಟ್ಯಾಬ್ ಕೊಟ್ಟರೂ ಅಷ್ಟೇ. ಅದರೊಳಗೊಂದು ಕರಡಿಮರಿ ಇದೆ, ಉತ್ತರ ಬರುವವರೆಗೂ ಸೊಂಟ ಕುಣಿಸುತ್ತಾ "ಬಾ ಪುಟ್ಟಾ, ಲೆಕ್ಕ ಮಾಡೋಣ" ಎನ್ನುತ್ತಿರುತ್ತದೆ. ನಿನ್ನೆ ಮೇಲಿನ ಕಚೇರಿಯಿಂದ ಬಂದ ಐವರು ದೊಡ್ಡವರ ಮುಂದೆ, ಕೊರಳಿಗೆ ಕಾರ್ಡು ತೂಗಿಸಿಕೊಂಡ ಐವರ ಮುಂದೆ, ಆ ಕರಡಿ ಏಳು ನಿಮಿಷ ಕುಣಿಯಿತು. ಈ ಹುಡುಗಿ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತಳು. ಕೆಂಪಿನಿಂದ ಹಸಿರಿಗೆ ಎಲ್ಲರಿಗಿಂತ ವೇಗವಾಗಿ ಬಂದ ಮಗು ಎಂದು ಗ್ರಾಫ್ ಸರ್ ಅವಳನ್ನು ಹೆಮ್ಮೆಯಿಂದ ಕರೆತಂದು ಕೂರಿಸಿದ್ದ. ಅವನ ನಗು ಮುಖದಿಂದ ಒಮ್ಮೆಲೇ ಹೋಗಲಿಲ್ಲ, ಇಷ್ಟಿಷ್ಟೇ ಹೋಯಿತು.

ಅವಳು ಬೆಂಚಿನ ಪಕ್ಕ ಬಗ್ಗಿದಳು. "ನಿನ್ನೆ ಏನಾದ್ರೂ ಒಂದು ಒತ್ತೋಕೆ ಆಗ್ತಿರ್ಲಿಲ್ವಾ? ಯಾವುದೋ ಒಂದು?" ಎಂದಳು. ಪಿಸುಮಾತೆಂದುಕೊಂಡು ಆಡಿದ್ದು ಮುಂದಿನ ಬೆಂಚಿನವರೂ ತಿರುಗುವಷ್ಟು ಜೋರಾಗಿತ್ತು. "ಅಮ್ಮ ಇವತ್ತು ಕೆಲಸಕ್ಕೆ ಹೋಗಿಲ್ಲ, ಟೀಚರ್. ಇಲ್ಲಿಗೆ ಬರ್ತಾರಂತೆ," ಎಂದಳು ಹುಡುಗಿ. ಮಾತಿನಲ್ಲಿ ದೂರಿರಲಿಲ್ಲ, ಸುದ್ದಿ ಹೇಳಿದ ಹಾಗಿತ್ತು. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು, ಆ ಕೆನ್ನೆಗೆ ಒಂದು ಬಾರಿಸಿದರೆ ಎನ್ನಿಸಿತು, ಮರುಗಳಿಗೆ ಆ ಕೆನ್ನೆ ತನ್ನ ಮಗಳ ಕೆನ್ನೆಯಾಗಿತ್ತು. ಊಟದ ಮೇಜು, ಎಂಟು ವರ್ಷದ ಮಗಳು, ನೂರರಲ್ಲಿ ಒಂದು ಕಳೆದರೆ ಎಷ್ಟು ಎಂಬ ಪ್ರಶ್ನೆ. ಊರ ಮಕ್ಕಳಿಗೆಲ್ಲ ತಾಳ್ಮೆಯಿಂದ ಕಲಿಸಿ ಬಂದವಳ ಕೈ ಮನೆಯಲ್ಲಿ ಮೇಲೆದ್ದಿತ್ತು. ಮಗಳು ಅಳಲಿಲ್ಲ, ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದು ತಟ್ಟೆ ತೊಳೆದಿಟ್ಟು ಹೋದಳು. ಹನ್ನೆರಡು ವರ್ಷವಾಯಿತು, ಈಗಲೂ ಮಗಳು ಅಂಗಡಿಯಲ್ಲಿ ಎರಡು ವಸ್ತುಗಳ ಬೆಲೆ ಕೂಡಿಸಲು ಫೋನು ತೆಗೆಯುತ್ತಾಳೆ, ತೆಗೆಯುವಾಗ ಅಮ್ಮನಿಗೆ ಬೆನ್ನು ತಿರುಗಿಸುತ್ತಾಳೆ. "ಬರೀ, ಬರೀ, ಏನಾದ್ರೂ ಬರೀ," ಎಂದು ಹದಿನೇಳನೇ ನಂಬರಿಗೆ ಹೇಳಿ ಮೇಜಿನ ಹತ್ತಿರ ಬಂದು, ಬೇಕಿಲ್ಲದಿದ್ದರೂ ನೀರು ಕುಡಿದಳು.

ಶುರುವಾದದ್ದು ಒಂದು ಮಂಗಳವಾರ. ಮಂಗಳವಾರ, ಶುಕ್ರವಾರ ಮಕ್ಕಳು ಟ್ಯಾಬನ್ನು ಮನೆಗೆ ಒಯ್ಯಬೇಕು, ಆಟ ಆಡಿ ಮರುದಿನ ತರಬೇಕು. ಬೇರೆ ಯಾರೂ ಮುಟ್ಟುವುದಿಲ್ಲವೆಂದು ತಾಯಿತಂದೆ ಸಹಿ ಹಾಕಿ ಕೊಟ್ಟಿರುತ್ತಾರೆ. ಹುಡುಗಿ ಕೆಂಪಿಗೆ ಬಿದ್ದು ಎರಡು ವಾರ ಮುಗಿದು ಮೂರನೆಯದು ನಡೆಯುತ್ತಿತ್ತು. "ನಿಂದು ಚಾರ್ಜ್ ಆಗಿಲ್ಲ, ನಾಳೆ ತಗೊಂಡ್ಹೋಗು," ಎಂದು ಅವಳ ಟ್ಯಾಬನ್ನು ಉಳಿಸಿಕೊಂಡು, ರಿಜಿಸ್ಟರಿನಲ್ಲಿ ಮನೆಗೆ ಕೊಟ್ಟಿದೆ ಎಂದು ಬರೆದು ಪುಟ್ಟ ಸಹಿ ಹಾಕಿದಳು. ಮೂರೂಮುಕ್ಕಾಲಿಗೆ ಸ್ಟಾಫ್ ರೂಮು ಖಾಲಿಯಾದಾಗ ಕರಡಿಯನ್ನು ತೆರೆದಳು. ಆ ಹುಡುಗಿಯನ್ನು ಮೆಟ್ಟಿಲ ಕೆಳಗಿನ ಕೋಣೆಯಿಂದ ಉಳಿಸಬೇಕು ಎಂದುಕೊಂಡಳು. ಅದು ನಿಜ. ಕಂಬ ಕೆಂಪಾದರೆ ತರಬೇತಿಗೆ ಕಳಿಸುವ ಟೀಚರುಗಳ ಪಟ್ಟಿಯಲ್ಲಿ ತನ್ನ ಹೆಸರು ಬರುತ್ತದೆ, ಇಪ್ಪತ್ತೆರಡು ವರ್ಷದ ಮೇಲೆ ಯಾವನೋ ಪಡ್ಡೆ ಬಂದು ಕಳೆಯುವುದನ್ನು ಕಲಿಸುವುದು ಹೇಗೆಂದು ತನಗೆ ಕಲಿಸುತ್ತಾನೆ ಎಂಬ ಹೊಟ್ಟೆಯುರಿಯೂ ನಿಜ. ಎರಡರಲ್ಲಿ ಯಾವುದು ಎಷ್ಟು ಎಂದು ಅವಳು ಅಳೆಯಲು ಹೋಗಲಿಲ್ಲ.

ಒಮ್ಮೆಲೇ ಎಲ್ಲ ಸರಿ ಮಾಡಿದರೆ ಅನುಮಾನ ಬರುತ್ತದಲ್ಲ. ಅದಕ್ಕೆ ಮೊದಲ ವಾರ ಇಪ್ಪತ್ತಾರರ ಜಾತಿಯ ತಪ್ಪುಗಳನ್ನಷ್ಟೇ ಮಾಡಿದಳು, ಹತ್ತಕ್ಕೆ ಏಳು, ಖಾಲಿ ಬಿಟ್ಟದ್ದಕ್ಕಿಂತ ಮೇಲೆಂದು ಬಣ್ಣ ಕೆಂಪಿನಿಂದ ಹಳದಿಗೆ ಬಂತು. ಎರಡನೇ ವಾರ ಇಪ್ಪತ್ತನಾಲ್ಕರ ಜಾತಿಯವು ಇಣುಕತೊಡಗಿದವು. ಒಂದು ದಿನ ಚೆನ್ನಾಗಿ ಮಾಡಿದರೆ ಮುಂದಿನ ಸಲ ಸ್ವಲ್ಪ ಜಾರುತ್ತಿದ್ದಳು, ಮಕ್ಕಳು ಜಾರುವ ಹಾಗೆಯೇ. ಕರಡಿ ಸೆಕೆಂಡು ಎಣಿಸುತ್ತದೆಂದು ಗೊತ್ತಿದ್ದ ಅವಳು ಬೆರಳು ಮಡಚಿ ಎಣಿಸಿದಳು, ಕೆಳತುಟಿ ಕಚ್ಚಿಕೊಂಡಳು, ಸೊನ್ನೆ ಇರುವ ಲೆಕ್ಕಕ್ಕೆ ಹೆಚ್ಚು ಹೊತ್ತು ತಡವರಿಸಿದಳು. ಹೇಳಿಕೊಳ್ಳಲು ನಾಚಿಕೆ, ಆದರೆ ಆ ಅರ್ಧ ಗಂಟೆ ಅವಳು ಸುಖವಾಗಿದ್ದಳು. ಇಷ್ಟು ವರ್ಷ ಕೂಡಿಟ್ಟ ವಿದ್ಯೆಯೆಲ್ಲ ಬೆರಳ ತುದಿಗೆ ಬಂದಿತ್ತು. ಒಮ್ಮೆ ಕಸ ಗುಡಿಸಲು ಬಂದ ಆಯಾ, "ಏನ್ ಮೇಡಂ, ನೀವೂ ಆಟ ಆಡ್ತಿದ್ದೀರಾ?" ಎಂದು ಪೊರಕೆ ಊರಿ ನಿಂತು ನಕ್ಕಳು. ಕಿವಿ ಬಿಸಿಯಾಗಿ, ಟ್ಯಾಬನ್ನು ರಿಜಿಸ್ಟರಿನ ಕೆಳಗೆ ತಳ್ಳಿ, "ಅಲ್ಲಿ ಮೂಲೆ ಹಾಗೇ ಇದೆ, ಗುಡಿಸಿ," ಎಂದು ಅವಳ ಮೇಲೆ ರೇಗಿದ್ದಳು. ಮೂಲೆಯಲ್ಲಿ ಕಸ ಇರಲಿಲ್ಲ.

ಹುಡುಗಿಗೆ ಗೊತ್ತಿತ್ತೇ? ಗೊತ್ತಿರಲೇಬೇಕು. ಪ್ರತಿ ಮಂಗಳವಾರ, ಶುಕ್ರವಾರ ತನ್ನ ಟ್ಯಾಬಿಗೆ ಮಾತ್ರ ಚಾರ್ಜ್ ಇಲ್ಲ, ಆದರೂ ತನ್ನ ಹೆಸರಿನ ಮುಂದೆ ನಕ್ಷತ್ರಗಳು ಬೆಳೆಯುತ್ತಿವೆ ಎಂದು ತಿಳಿಯದ ಮಗುವಲ್ಲ ಅದು. ಯಾರಿಗೂ ಹೇಳಲಿಲ್ಲ. ಅದನ್ನು ಅವಳು ಒಪ್ಪಿಗೆ ಎಂದುಕೊಂಡಿದ್ದಳು, ಇಬ್ಬರ ನಡುವಿನ ಗುಟ್ಟು, ಒಂಥರಾ ಸಲಿಗೆ ಎಂದು ಕೂಡ. ಈಗ ಯೋಚಿಸಿದರೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಹನ್ನೊಂದೂವರೆಗೆ ಹೆಡ್ ಮೇಡಂ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಹುಡುಗಿಯ ತಾಯಿ ಕುರ್ಚಿ ಇದ್ದರೂ ಕೂರದೆ ಮಗಳ ಹೆಗಲು ಹಿಡಿದು ನಿಂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಅವಳ ಕೆಲಸ. ಬ್ಲೀಚು ತಾಗಿ ತಾಗಿ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಗ್ರಾಫ್ ಸರ್ ಲ್ಯಾಪ್‌ಟಾಪನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದ.

"ನೋಡಿ ಅಮ್ಮ, ಇದು ನಿಮ್ಮ ಮಗಳ ಟ್ಯಾಬು. ಶಾಲೆ ಬಿಡೋದು ಮೂರೂಕಾಲಿಗೆ. ಇಲ್ಲಿ ಲೆಕ್ಕ ಮಾಡಿರೋದು ಮೂರೂಮುಕ್ಕಾಲಿಂದ ನಾಲ್ಕೂಕಾಲು. ಅಂದ್ರೆ ಮನೇಲಿ. ಮಾಡಿರೋದು ಒಂದು ಮಗುನೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಈ ಮಗು ಅಲ್ಲ, ನಿನ್ನೆ ಎಲ್ಲರೂ ನೋಡಿದ್ವಿ. ನಿಮ್ಮ ದೊಡ್ಡ ಮಗಳು ಐದನೇ ಕ್ಲಾಸಲ್ಲಿ ಇದಾಳೆ ಅಲ್ವಾ?"

"ಇದಾಳೆ ಸಾರ್. ಆದ್ರೆ ಆ ಟ್ಯಾಬು ನಮ್ಮನೆಗೆ ಬಂದೇ ಇಲ್ಲ."

"ಹಾಗಂದ್ರೆ ಹೇಗಮ್ಮ? ರಿಜಿಸ್ಟರ್ ಇದೆ."

ಹೆಡ್ ಮೇಡಂ ಕೈ ಚಾಚಿದರು. ಅವಳು ರಿಜಿಸ್ಟರ್ ಕೊಟ್ಟಳು. ಮನೆಗೆ ಕೊಟ್ಟಿದೆ, ಮನೆಗೆ ಕೊಟ್ಟಿದೆ, ಮನೆಗೆ ಕೊಟ್ಟಿದೆ. ಹದಿನೇಳರ ಮುಂದೆ ಹದಿನಾರು ಸಲ, ಅವಳ ಪುಟ್ಟ ಸಹಿಯೊಡನೆ. ಹೆಡ್ ಮೇಡಂ ಪುಟಗಳನ್ನು ತಿರುವಿ, ಕನ್ನಡಕ ತೆಗೆದು, "ನೋಡಮ್ಮ, ಮಕ್ಕಳು ಮಾಡಿದ ತಪ್ಪಿಗಿಂತ ದೊಡ್ಡವರು ಅದನ್ನ ಮುಚ್ಚಿಡೋದು ದೊಡ್ಡ ತಪ್ಪು," ಎಂದರು. ಹುಡುಗಿಯನ್ನು ಅಡಿಪಾಯ ಗುಂಪಿಗೆ ಕಳಿಸುವುದು, ಪ್ರಗತಿಪತ್ರದಲ್ಲಿ ಮೋಸ ಮಾಡಿದ್ದಾಳೆ ಎಂದು ಬರೆಯುವುದು, ಎರಡೂ ಆಗಲೇ ತೀರ್ಮಾನವಾಗಿದ್ದಂತೆ ಕಂಡಿತು. ಗ್ರಾಫ್ ಸರ್ ಮುಂದೆ ಅಚ್ಚು ಹಾಕಿದ ಹಾಳೆಯೊಂದು ತಾಯಿಯ ಸಹಿಗೆ ಕಾಯುತ್ತಿತ್ತು. ತಾಯಿಯ ಮುಖ ಕೆಂಪಾಯಿತು. "ಬಡವರು ಅಂತ ಸುಳ್ಳು ಹೇಳ್ತೀವಾ? ನನಗೆ ಬೆರಳು ದಾಟಿದ ಲೆಕ್ಕ ಬರಲ್ಲ. ನನ್ನ ದೊಡ್ಡ ಮಗಳು ಓದೋದು ಬೇರೆ ಶಾಲೇಲಿ, ಬರೋದೇ ಐದು ಗಂಟೆಗೆ," ಎಂದವಳು, ಟೀಚರ ಕಡೆ ತಿರುಗಿದಳು. ಅಷ್ಟು ಹೊತ್ತೂ ಅವಳ ಕಡೆ ತಿರುಗದೆ ಇದ್ದದ್ದೇ ಆಶ್ಚರ್ಯ. "ಟೀಚರಮ್ಮ, ನೀವೇ ಹೇಳಿ. ಒಂದು ದಿನ ಆದ್ರೂ ಬಂದಿದೆಯಾ ಆ ಟ್ಯಾಬು ನಮ್ಮನೆಗೆ?"

ಆಗ ಹುಡುಗಿ ತಲೆಯೆತ್ತಿ ಮೊದಲ ಸಲ ಬಾಯಿಬಿಟ್ಟಳು. "ಬಂದಿತ್ತು. ಅಕ್ಕ ಮಾಡಿದ್ದು," ಎಂದಳು.

ತಾಯಿಯ ಕೈ ಹೆಗಲಿನಿಂದ ಜಾರಿತು. ಗ್ರಾಫ್ ಸರ್ ಪೆನ್ನಿನ ಮುಚ್ಚಳ ತೆಗೆದ. ಅವಳಿಗೆ ಒಂದು ಕ್ಷಣ, ಒಂದೇ ಕ್ಷಣ, ಮೈ ಹಗುರಾಯಿತು, ಬದುಕಿದೆ ಎಂದುಕೊಂಡಳು. ಮಗು ತಾನಾಗಿಯೇ ಹೊತ್ತುಕೊಂಡಿದೆ, ನಾನೇನೂ ಹೇಳಲಿಲ್ಲ, ಸುಮ್ಮನೆ ನಿಂತಿದ್ದೆ ಅಷ್ಟೆ. ಹಾಗೆ ಹಗುರಾದದ್ದು ತನಗೇ ಗೊತ್ತಾದಾಗ ಎದ್ದ ಸಿಟ್ಟಿನ ಮುಂದೆ ಬೆಳಗಿನಿಂದ ಬಂದ ಸಿಟ್ಟುಗಳೆಲ್ಲ ಏನೂ ಅಲ್ಲ. "ನಾನು ಮಾಡಿದ್ದು," ಎಂದಳು. "ಟ್ಯಾಬು ಅವರ ಮನೆಗೆ ಹೋಗಿಲ್ಲ. ರಿಜಿಸ್ಟರು ಸುಳ್ಳು. ಸ್ಟಾಫ್ ರೂಮಲ್ಲಿ ಕೂತ್ಕೊಂಡು ನಾನೇ ಮಾಡಿದ್ದು."

ಫ್ಯಾನು ಕಿರುಗುಟ್ಟಿತು. ಹೆಡ್ ಮೇಡಂ ಅವಳನ್ನು ನೋಡಿದರು, ಆಮೇಲೆ ಗ್ರಾಫ್ ಸರ್‌ನನ್ನು. ಅವನು ನಿಧಾನವಾಗಿ ನಕ್ಕ, ಗೌರವದ ನಗು. "ಮೇಡಂ, ನಿಮ್ಮದು ದೊಡ್ಡ ಮನಸ್ಸು. ಮಗುನ ಉಳಿಸ್ಬೇಕು ಅಂತ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರ. ಆದ್ರೆ ಈ ತಪ್ಪುಗಳನ್ನ ನೋಡಿ. ಇಲ್ಲಿ ತಡವರಿಸಿದೆ, ಇಲ್ಲಿ ಜಾರಿದೆ, ಇಲ್ಲಿ ಅರ್ಥ ಆಗಿದೆ. ಇದನ್ನ ದೊಡ್ಡವರು ಬೇಕು ಅಂತ ಮಾಡೋಕೆ ಆಗಲ್ಲ. ಎಂಟೋ ಹತ್ತೋ ವರ್ಷದ ತಲೆ ಇದು, ಎದ್ದು ಕಾಣುತ್ತೆ." ಅದನ್ನು ಕೇಳಿ ಅವಳೊಳಗೆ ಏನೋ ಉಬ್ಬಿತು. ಹೆಮ್ಮೆ. ಈ ಹೊತ್ತಿನಲ್ಲೂ, ಈ ಹೆಂಗಸಿನ ಬಿಳುಚಿದ ಬೆರಳುಗಳ ಎದುರಿನಲ್ಲೂ, ಹೆಮ್ಮೆ. ಥೂ ಎಂದುಕೊಂಡಳು. ಹೆಡ್ ಮೇಡಂ, "ಹೋಗ್ಲಿ ಬಿಡಿ, ನೀವು ಕ್ಲಾಸಿಗೆ ಹೋಗಿ, ಇದನ್ನ ನಾವು ನೋಡ್ಕೋತೀವಿ," ಎಂದು ತೀರಾ ಮೃದುವಾಗಿ ಹೇಳಿದರು. ಸತ್ಯ ಹೇಳಿದರೆ ಮುಖಕ್ಕೆ ಉಗಿಯುತ್ತಾರೆ ಎಂದು ಎರಡು ತಿಂಗಳು ಹೆದರಿದ್ದಳು, ಬೆನ್ನು ತಟ್ಟುತ್ತಾರೆ ಎಂದು ಎಣಿಸಿರಲಿಲ್ಲ.

"ಒಂದು ಟ್ಯಾಬ್ ಕೊಡಿ," ಎಂದಳು. ಅವನು ಹಿಂದೆಮುಂದೆ ನೋಡಿದ. "ಕೊಡಿ ಅಂದ್ನಲ್ಲ," ಎಂದು ಅವಳೇ ಅವನ ಚೀಲದಿಂದ ಎಳೆದುಕೊಂಡು, ತಾಯಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತಳು. ಪರೀಕ್ಷಿಸಿ ನೋಡಲೆಂದು ಇಟ್ಟಿದ್ದ, ಯಾವ ಮಗುವಿನದೂ ಅಲ್ಲದ ಖಾತೆಯೊಂದನ್ನು ಅವನು ತೆರೆದುಕೊಟ್ಟ. ಕರಡಿ ಬಂತು, ಸೊಂಟ ಕುಣಿಸಿತು. ಅರವತ್ತಮೂರರಿಂದ ಇಪ್ಪತ್ತೇಳು ಕಳೆಯಬೇಕಿತ್ತು. ಅವಳು ಕೆಳತುಟಿ ಕಚ್ಚಿದಳು. ಹೆಗಲು ತಾನಾಗಿ ಕುಗ್ಗಿತು, ಎಡಗೈ ಬೆರಳುಗಳು ಒಂದೊಂದಾಗಿ ಮಡಚಿದವು. ಹದಿನೆಂಟು ಸೆಕೆಂಡು ಬಿಟ್ಟು ನಲವತ್ತನಾಲ್ಕು ಒತ್ತಿದಳು. ಪರವಾಗಿಲ್ಲ ಪುಟ್ಟಾ, ಇನ್ನೊಮ್ಮೆ ನೋಡೋಣ ಎಂದಿತು ಕರಡಿ. "ಇದು ಮೊದಲನೇ ವಾರ," ಎಂದಳು ತಲೆಯೆತ್ತದೆ. ಮತ್ತೆ ಬೆರಳು ಮಡಚಿ, ನಡುವೆ ಒಮ್ಮೆ ಬೇಕೆಂದೇ ಮೂಗು ಉಜ್ಜಿಕೊಂಡು, ನಲವತ್ತಾರು. "ಇದು ಎರಡನೇ ವಾರ, ಮೂರನೇ ವಾರ." ಆಮೇಲೆ ಮೂವತ್ತಾರು, ಬೇಗ. ಕರಡಿ ಚಪ್ಪಾಳೆ ತಟ್ಟಿ ಬಣ್ಣದ ಕಾಗದ ಎರಚಿತು. ಹೆಂಗಸೊಬ್ಬಳು, ನಲವತ್ತೇಳು ದಾಟಿದವಳು, ನಾಲ್ಕು ಜನರ ಮುಂದೆ ಎಂಟು ವರ್ಷದವಳಂತೆ ತುಟಿ ಕಚ್ಚಿ ಕೂತಿದ್ದಳು, ಗ್ರಾಫ್ ಸರ್ ಮುಖದ ಬಣ್ಣ ಇಳಿಯುತ್ತಿತ್ತು. ಹೆಡ್ ಮೇಡಂ ನೋಟ ತಪ್ಪಿಸಿ ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದರು. ತಾಯಿಗೆ ಎಲ್ಲ ಅರ್ಥವಾಗಲಿಲ್ಲವೇನೋ, ಆದರೆ ತನ್ನ ಮಗಳ ಪಾರ್ಟು ಯಾರೋ ಮಾಡುತ್ತಿದ್ದಾರೆಂದು ಅರ್ಥವಾಯಿತು, ಬಾಯಿಗೆ ಸೆರಗು ಒತ್ತಿಕೊಂಡಳು.

ಗ್ರಾಫ್ ಸರ್ ಅಚ್ಚು ಹಾಕಿದ ಹಾಳೆಯನ್ನು ಹಿಂದಕ್ಕೆಳೆದುಕೊಂಡ. "ಹಾಗಾದ್ರೆ ಈ ಎರಡು ತಿಂಗಳ ದಾಖಲೆ ಪೂರ್ತಿ ತೆಗೆದುಹಾಕ್ಬೇಕು. ಮೋಸ ಅಂತ ಬರೆಯಲ್ಲ. ಆದ್ರೆ ಮಗುಗೆ ಏನೂ ಬರಲ್ಲ ಅಂತ ಆಯ್ತಲ್ಲ, ಅಡಿಪಾಯ ಗುಂಪಿಗೆ ಹೋಗ್ಲೇಬೇಕಾಗುತ್ತೆ," ಎಂದ. ಅವನ ದನಿಯಲ್ಲಿ ನಗು ಇರಲಿಲ್ಲ, ಮೊದಲ ಸಲ ಅವನು ತನ್ನ ವಯಸ್ಸಿನವನಂತೆ ಕಂಡ. "ನಿಮ್ಮ ವಿಷಯ ಮೇಲಿನವರು ನೋಡ್ತಾರೆ ಮೇಡಂ."

"ನೋಡ್ಲಿ," ಎಂದಳು.

"ಟೀಚರ್," ಎಂದಿತು ಪಕ್ಕದಲ್ಲಿ ಒಂದು ದನಿ. ಹುಡುಗಿ ತಾಯಿಯ ಹತ್ತಿರದಿಂದ ಬಂದು ಕುರ್ಚಿಯ ಕೈಗೆ ಒತ್ತಿ ನಿಂತಿದ್ದಳು. ಕಣ್ಣು ಟ್ಯಾಬಿನ ಮೇಲಿತ್ತು, ಹುಬ್ಬು ಗಂಟಿಕ್ಕಿತ್ತು. "ನಾನು ಹಿಂಗೆ ತಪ್ಪು ಮಾಡಲ್ಲ."

ಹುಡುಗಿ ಹೆಡ್ ಮೇಡಂ ಮೇಜಿನ ಮೇಲಿದ್ದ ಪೆನ್ಸಿಲು ತೆಗೆದುಕೊಂಡಳು, ಕೇಳಲಿಲ್ಲ. ಚೀಟಿ ಬರೆಯುವ ಹಾಳೆಯೊಂದನ್ನು ಎಳೆದು, ಅರವತ್ತಮೂರು ಬರೆದಳು, ಕೆಳಗೆ ಇಪ್ಪತ್ತೇಳು, ಅದರ ಕೆಳಗೆ ಗೆರೆ. ಬೆರಳು ಮಡಚಲಿಲ್ಲ, ತುಟಿ ಕಚ್ಚಲಿಲ್ಲ. ಗೋಡೆಯ ಕಡೆ ನೋಡುತ್ತಾ ಬಾಯೊಳಗೆ ಏನೋ ಹೇಳಿಕೊಂಡಳು, ನಡುವೆ ಒಮ್ಮೆ ನಿಂತು ಮತ್ತೆ ಮೊದಲಿನಿಂದ ಹೇಳಿಕೊಂಡಳು. ಆಮೇಲೆ ಮೂವತ್ತು ಎಂದು ಬರೆದಳು, ಸೊನ್ನೆಯನ್ನು ಚೆನ್ನಾಗಿ ದುಂಡಗೆ ಮಾಡಿ.

"ಇದೂ ತಪ್ಪೇ ಅಲ್ವಾ," ಎಂದ ಗ್ರಾಫ್ ಸರ್.

"ನೀವು ಸ್ವಲ್ಪ ಬಾಯಿ ಮುಚ್ಕೊಂಡಿರಿ," ಎಂದಳು ಅವಳು. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಚಿಕ್ಕದನ್ನು ದೊಡ್ಡದರಿಂದ ಕಳೆದರೆ ನಲವತ್ತನಾಲ್ಕು. ಹತ್ತು ತಂದು ಮರೆತರೆ ನಲವತ್ತಾರು. ಕಳೆಯುವ ಬದಲು ಕೂಡಿದರೆ ತೊಂಬತ್ತು. ಎಣಿಸುವಾಗ ಒಂದು ತಪ್ಪಿದರೆ ಮೂವತ್ತೈದು, ಇಲ್ಲವೆ ಮೂವತ್ತೇಳು. ಐದು ನೋಟ್‌ಬುಕ್ಕುಗಳನ್ನೂ ಮನಸ್ಸಿನಲ್ಲೇ ತಿರುವಿದಳು. ಮೂವತ್ತು ಎಲ್ಲೂ ಇರಲಿಲ್ಲ. "ಮೂವತ್ತು ಹೇಗೆ ಬಂತು, ಹೇಳು," ಎಂದಳು.

"ಹೇಳಲ್ಲ."

"ಬೈಯಲ್ಲ ಕಣೇ, ಹೇಳು."

"ಹೇಳಿದ್ರೆ ನೀವು ದೊಡ್ಡ ಸ್ಕ್ರೀನ್ ಮೇಲೆ ಹಾಕಿ ಎಲ್ಲರ ಹತ್ರ ನಗಿಸ್ತೀರ," ಎಂದಳು ಹುಡುಗಿ. ಅಳುತ್ತಿರಲಿಲ್ಲ. ಅವಳಿಗೂ ಸಿಟ್ಟು ಬಂದಿತ್ತು, ಎಷ್ಟೋ ದಿನದ ಸಿಟ್ಟು.

ಯಾವಾಗ ಎಂದು ಕೇಳಲು ಬಾಯಿ ತೆರೆದವಳಿಗೆ ನೆನಪಾಯಿತು. ಶಾಲೆ ಶುರುವಾದ ಎರಡನೇ ವಾರ. 'ತಪ್ಪು ಹುಡುಕೋಣ' ಎಂಬ ಚಟುವಟಿಕೆ. ಯಾವುದಾದರೊಂದು ಹಾಳೆಯ ಫೋಟೋ ತೆಗೆದು ತರಗತಿಯ ದೊಡ್ಡ ಪರದೆಯ ಮೇಲೆ ತೋರಿಸಿ, ಇಲ್ಲಿ ಏನು ತಪ್ಪಾಗಿದೆ ಎಂದು ಮಕ್ಕಳಿಂದ ಹೇಳಿಸಬೇಕು, ಹೆಸರು ಹೇಳಬಾರದು. ಅವಳು ಹೆಸರು ಹೇಳಿರಲಿಲ್ಲ. ಹಾಳೆಯ ಮೂಲೆಯಲ್ಲಿ ಹದಿನೇಳು ಎಂದು ಗೋಡೆಯಗಲ ಕಾಣುತ್ತಿತ್ತು. ಇದ್ಯಾವ ಲೋಕದ ಲೆಕ್ಕವಪ್ಪ ಎಂದು ಅವಳೇ ಮೊದಲು ನಕ್ಕಿದ್ದಳು, ಆಮೇಲೆ ಇಡೀ ಕ್ಲಾಸು. ಹತ್ತು ನಿಮಿಷದ ಚಟುವಟಿಕೆ, ಚೆನ್ನಾಗಿ ಆಗಿತ್ತು, ಮಕ್ಕಳು ತುಂಬ ಖುಷಿಪಟ್ಟರು ಎಂದು ಡೈರಿಯಲ್ಲಿ ಬರೆದಿದ್ದಳು. ಆ ಹಾಳೆಯ ಮೇಲೆ ಏನು ಬರೆದಿತ್ತು, ಉತ್ತರ ಎಷ್ಟಿತ್ತು? ನಗು ಕಿವಿಯಲ್ಲಿತ್ತು, ಅಂಕಿ ನೆನಪಿಗೆ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಡುವಷ್ಟು ದೊಡ್ಡ ತಪ್ಪು ಅದೆಂದು ಅವಳಿಗೆ ಅನ್ನಿಸಿರಲಿಲ್ಲ. ಅದಾದ ಮೇಲೆ ಆ ಹುಡುಗಿ ಒಂದು ಹಾಳೆಯಲ್ಲೂ ಉತ್ತರ ಬರೆದಿರಲಿಲ್ಲ.

ತಾಯಿ ಮುಂದೆ ಬಂದು ಮಗಳ ಕೈಯಿಂದ ಪೆನ್ಸಿಲು ಬಿಡಿಸಿ ಮೇಜಿನ ಮೇಲಿಟ್ಟಳು. "ನಡಿ ಕಂದ," ಎಂದಳು. ಬಾಗಿಲ ಹತ್ತಿರ ತಿರುಗಿ ನಿಂತು ಅವಳನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡಳು ಅವಳು, ಬೈದರೆ ಸಾಕು ಎಂದುಕೊಂಡಳು. "ಆ ಕೆಳಗಿನ ಕೋಣೆ ಎಲ್ಲಿದೆ, ಟೀಚರಮ್ಮ?" ಎಂದು ಕೇಳಿದಳು ತಾಯಿ.

ಅವಳು ಕೈಯೆತ್ತಿ ಮೆಟ್ಟಿಲ ಕಡೆ ತೋರಿಸಿದಳು. ಇಬ್ಬರೂ ಹೋದರು. ಗ್ರಾಫ್ ಸರ್ ಏನೋ ಹೇಳುತ್ತಿದ್ದ, ಹೆಡ್ ಮೇಡಂ ಅವನಿಗೆ ಏನೋ ಉತ್ತರ ಕೊಡುತ್ತಿದ್ದರು. ಅವಳು ಹಾಳೆಯ ಮೇಲೆ ಬಗ್ಗಿ, ಅರವತ್ತಮೂರರಿಂದ ಇಪ್ಪತ್ತೇಳನ್ನು ಇನ್ನೊಂದು ರೀತಿಯಲ್ಲಿ ಕಳೆದು ನೋಡಿದಳು. ಮತ್ತೊಂದು ರೀತಿಯಲ್ಲಿ ಕಳೆದು ನೋಡಿದಳು. ಊಟದ ಗಂಟೆ ಹೊಡೆದಾಗಲೂ ಅವಳಿಗೆ ಮೂವತ್ತು ಬಂದಿರಲಿಲ್ಲ.